ಏಳರ ಮೇಲಿನ ಗೆರೆ

ಮನೆ, ನಾಲ್ಕನೇ ಮಹಡಿ
ಶನಿವಾರ, ಹದಿನಾಲ್ಕನೇ ತಾರೀಕು
ಬೆಳಿಗ್ಗೆ ಏಳೂವರೆ

ಪ್ರೀತಿಯ ನಮ್ಮ ಸಾಹೇಬರಿಗೆ,

ಹೇಗಿದ್ದೀರಿ? ಭುಜದ ನೋವು ಹೇಗಿದೆ? ಧೂಳಿನ ಕೆಮ್ಮಿಗೆ ಅಂತ ಕಟ್ಟಿ ಕಳಿಸಿದ ಔಷಧಿಯನ್ನು ಕುಡಿಯುತ್ತಿದ್ದೀರೋ, ಇಲ್ಲ ಅದೂ ಟ್ರಂಕಿನ ತಳದಲ್ಲಿ ಮಫ್ಲರಿನ ಜೊತೆ ಮಲಗಿದೆಯೋ? ಟೆಂಟಿನ ಅಡುಗೆಯವನು ಏನು ಮಾಡಿದರೂ ಒಂದೇ ರುಚಿ ಬರುತ್ತದೆ ಅಂತ ಬರೆದಿದ್ದಿರಿ. ಹೊಟ್ಟೆ ತುಂಬ ತಿನ್ನಿ, ರುಚಿಯ ವಿಷಯ ಆಮೇಲೆ ನೋಡಿಕೊಳ್ಳೋಣ. ನಾನು ಕ್ಷೇಮ ಅಂತ ಬರೆಯುವುದು ರೂಢಿ, ಆದರೆ ಕ್ಷೇಮವಾಗಿಲ್ಲ. ಎರಡು ದಿನದಿಂದ ಟೀ ಮಾಡುವುದು, ಕುಡಿಯಲು ಮರೆಯುವುದು, ತಣ್ಣಗಾದ ಲೋಟ ತೊಳೆಯುವುದು, ಇಷ್ಟೇ ಆಗಿದೆ. ಜ್ವರವಲ್ಲ, ನೆಗಡಿಯಲ್ಲ, ಗಾಬರಿಯಾಗಬೇಡಿ. ಏನು ಅಂತ ಮುಂದೆ ಬರೆಯುತ್ತೇನೆ. ಟೆಂಟಿನಲ್ಲಿ ಕೂತು ಗೆಳೆಯರಿಗೆ ಪತ್ರ ಓದಿ ಹೇಳುವ ಅಭ್ಯಾಸ ನಿಮಗಿದೆ, ಇದನ್ನು ಮಾತ್ರ ಎದ್ದು ಹೊರಗೆ ಹೋಗಿ ಒಬ್ಬರೇ ಓದಿ.

ಸೈಟಿನ ಫೋನಿಗೇ ಮಾಡಬಹುದಿತ್ತು. ಆದರೆ ಆ ಫೋನು ಇರುವುದು ಮ್ಯಾನೇಜರ ಮೇಜಿನ ಮೇಲೆ, ಅದರ ಸುತ್ತ ಯಾವಾಗಲೂ ಹತ್ತು ಕಿವಿ. ಇದು ಹತ್ತು ಕಿವಿಗೆ ಬೀಳುವ ಮಾತಲ್ಲ. ನಿಮ್ಮ ಸೈಟಿಗೆ ಸರಕು ತರುವ ಗಾಡಿ ಹನ್ನೊಂದಕ್ಕೆ ಹೊರಡುತ್ತದೆ, ಡ್ರೈವರು ನಮ್ಮ ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆಯುತ್ತೇನೆ ಅಂದಿದ್ದಾನೆ. ಸಂಜೆ ಆರರ ಹೊತ್ತಿಗೆ ಇದು ನಿಮ್ಮ ಕೈಯಲ್ಲಿರುತ್ತದೆ.

ಹೋದ ಪತ್ರದ ಕೊನೆಯಲ್ಲಿ ತಮಾಷೆಗೆ ಕೇಳಿದ್ದಿರಿ, ‘ನಿನ್ನ ಮುದಿ ಕ್ಯಾಮೆರಾ ಹೇಗಿದೆ? ಅದೇ ಸಾಕಾ, ಇಲ್ಲ ನನ್ನದರ ಮೇಲೆ ಕಣ್ಣು ಬಿತ್ತಾ?’ ಅಂತ. ಆ ಪ್ರಶ್ನೆಗೇ ಉತ್ತರ ಬರೆಯುತ್ತಿದ್ದೇನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಅದನ್ನು ತಂದ ದಿನ ನೆನಪಿದೆಯಲ್ಲ? ನಿಮ್ಮ ದೊಡ್ಡ ಕ್ಯಾಮೆರಾದ ಲೆನ್ಸಿಗೆ ಬೂಸ್ಟು ಹಿಡಿದಿದೆ ಅಂತ ಸ್ವಚ್ಛ ಮಾಡಿಸಲು ರಿಪೇರಿ ಅಂಗಡಿಗೆ ಹೋಗಿದ್ದೆವು. ಮಾತಾಡುವಾಗಲೂ ಕೈಯಿಂದ ಚಿಮಟ ಕೆಳಗಿಡದ ಆ ಮನುಷ್ಯನಿಗೆ ಚಿಮಟದಣ್ಣ ಅಂತ ಹೆಸರಿಟ್ಟವರು ನೀವೇ. ಅವನ ಗಾಜಿನ ಕಪಾಟಿನ ಮೂಲೆಯಲ್ಲಿ ಇದು ಕೂತಿತ್ತು, ಹನ್ನೆರಡು ವರ್ಷದ ಹಳೆಯದು, ಹಿಡಿಯ ರಬ್ಬರು ಕಿತ್ತು ಅಂಟು ಹಾಕಿದ್ದು. ‘ಇದನ್ನ ಬ್ರಿಡ್ಜ್ ಕ್ಯಾಮೆರಾ ಅಂತಾರಕ್ಕ. ಜೇಬಿಂದೂ ಅಲ್ಲ, ಸಾಹೇಬ್ರಂಥ ದೊಡ್ಡದೂ ಅಲ್ಲ, ಎರಡರ ನಡುವೆ. ಲೆನ್ಸ್ ಬಿಚ್ಚೋಕಾಗಲ್ಲ, ಆದ್ರೆ ಎಷ್ಟು ದೂರ ಬೇಕಾದ್ರೂ ನೋಡತ್ತೆ’ ಅಂದ. ನಿಮ್ಮ ಕ್ಯಾಮೆರಾದ ಚೀಲಕ್ಕೆ ಕೊಟ್ಟಷ್ಟೂ ಇದಕ್ಕೆ ಕೊಡಬೇಕಾಗಿರಲಿಲ್ಲ. ನೀವು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದರ ಸೆನ್ಸರ್ ನನ್ನ ಕಿರುಬೆರಳ ಉಗುರಿನಷ್ಟಿದೆ ಕಣೇ, ಇದರಲ್ಲಿ ಏನು ಕಂಡೀತು ನಿಂಗೆ? ಒಂದು ತಿಂಗಳಲ್ಲಿ ಬೇಜಾರಾಗಿ ಅಟ್ಟಕ್ಕೆ ಹಾಕ್ತೀಯ’ ಅಂದಿರಿ. ನನಗೆ ಉರಿಯಿತು. ಆ ಉರಿಗೇ ಕೊಂಡುಕೊಂಡೆ ಅಂದರೂ ಸರಿ. ನಿಮ್ಮದು ಮೂರು ಲೆನ್ಸಿನೊಡನೆ ಕಪಾಟಿನಲ್ಲಿ ಬೀಗದೊಳಗೆ ಮಲಗಿದೆ, ನಾನು ಒಮ್ಮೆಯೂ ಮುಟ್ಟಿಲ್ಲ.

ನ್ಯಾಯವಾಗಿ ಹೇಳುತ್ತೇನೆ. ನಿಮ್ಮ ದೂರುಗಳಲ್ಲಿ ಅರ್ಧ ನಿಜ. ಸಂಜೆಯ ಬೆಳಕು ಸ್ವಲ್ಪ ಇಳಿದರೆ ಸಾಕು, ಫೋಟೋ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಫೋಕಸ್ ಮಾಡು ಅಂದರೆ ಅಜ್ಜಿ ಕನ್ನಡಕ ಹುಡುಕುವಷ್ಟು ಹೊತ್ತು ಗರಗರ ಅಂದುಕೊಂಡು ಹಿಂದೆ ಮುಂದೆ ಹೋಗುತ್ತದೆ. ಹಾರುವ ಹದ್ದನ್ನು ಹಿಡಿಯಹೋಗಿ ಬರೀ ಆಕಾಶದ ಅರವತ್ತು ಫೋಟೋ ನನ್ನ ಹತ್ತಿರ ಇವೆ. ನಿಮ್ಮ ಫೋಟೋಗಳಲ್ಲಿ ಮುಖದ ಹಿಂದಿನದೆಲ್ಲ ಕರಗಿ ಮಂಜಾಗುತ್ತದಲ್ಲ, ಅದು ಇದರಲ್ಲಿ ತಲೆಕೆಳಗಾಗಿ ನಿಂತರೂ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ರೋಗ ಮರೆವು. ಚಾರ್ಜಿಗೆ ಬ್ಯಾಟರಿ ತೆಗೆದರೆ ಸಾಕು, ತಾರೀಕು ಹಿಂದಕ್ಕೆ ಓಡಿ ಅದು ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ಅಲ್ಲವೇ ನಾನು ಪ್ರತಿ ಸಲ ಮೊದಲು ನಡುಮನೆಯ ಗೋಡೆಯ ಕ್ಯಾಲೆಂಡರನ್ನು, ಅದರ ಮೇಲಿನ ಗಡಿಯಾರವನ್ನು ಒಟ್ಟಿಗೆ ಒಂದು ಫೋಟೋ ತೆಗೆದು, ಆಮೇಲೆ ಬಾಲ್ಕನಿಗೆ ಹೋಗುತ್ತಿದ್ದದ್ದು. ಲ್ಯಾಬಿನಲ್ಲಿ ಸ್ಲೈಡಿಗೆ ಚೀಟಿ ಅಂಟಿಸದೆ ಮೈಕ್ರೋಸ್ಕೋಪಿನ ಕೆಳಗಿಡದ ಅಭ್ಯಾಸ ಕೈಗೆ ಹತ್ತಿಬಿಟ್ಟಿದೆ. ನೀವು ನಕ್ಕು ‘ನಮ್ಮ ಭೂತಗನ್ನಡಿ ಈಗ ಕ್ಯಾಲೆಂಡರ್ ಫೋಟೋಗ್ರಾಫರ್ ಆದಳು’ ಅಂದಿರಿ. ನಗಲಿ ಬಿಡು ಅಂತ ನಾನೂ ನಕ್ಕೆ.

ಆದರೆ ಬೆಳಗಿನ ಬಿಸಿಲಿನಲ್ಲಿ, ರಸ್ತೆಯಾಚೆಯ ನೀರಿನ ಟ್ಯಾಂಕಿನ ಮೇಲಿನ ಹದ್ದಿನ ಕಣ್ಣಿನ ಹಳದಿ ಬಳೆಯನ್ನು ನಮ್ಮ ಬಾಲ್ಕನಿಯಿಂದಲೇ ನೋಡಿದವಳು ನಾನು. ನಿಮ್ಮ ಮೂರು ಲೆನ್ಸಿಗೂ ಅಷ್ಟು ದೂರ ಎಟುಕುವುದಿಲ್ಲ, ಒಪ್ಪಿಕೊಳ್ಳಿ. ಟ್ಯಾಂಕಿನ ಸುತ್ತಲಿನ ಕಬ್ಬಿಣದ ನಡೆದಾರಿ, ಅದರ ಕಂಬಿಯ ಸಂದಿನಲ್ಲಿ ಅವು ಗೂಡು ಕಟ್ಟಿದ್ದು, ಮೊಟ್ಟೆಯ ಮೇಲೆ ತಾಯಿ ಹಗಲೆಲ್ಲ ಕೂತದ್ದು, ಎರಡು ಮರಿ ಎದ್ದದ್ದು, ಎಲ್ಲ ನನ್ನ ಹತ್ತಿರ ಇದೆ. ಗೂಡಿನ ಪಕ್ಕದಲ್ಲೇ ಟ್ಯಾಂಕಿನ ಸಿಮೆಂಟ್ ಗೋಡೆಯ ಮೇಲೆ ಆಳೆತ್ತರಕ್ಕೆ 7 ಅಂತ ಟ್ಯಾಂಕಿನ ನಂಬರು ಬರೆದಿದೆಯಲ್ಲ, ಅದು ಪ್ರತಿ ಫೋಟೋದಲ್ಲೂ ಇರುತ್ತದೆ. ಲ್ಯಾಬಿನಲ್ಲಿ ದಿನವಿಡೀ ಬೇರೆಯವರ ರಕ್ತ ನೋಡಿ ಬಂದ ಕಣ್ಣಿಗೆ ಅದೊಂದು ಸುಖ. ನೀವು ಹೋದ ಮೇಲೆ ಈ ಮನೆಯಲ್ಲಿ ನನಗೆ ಮಾತಿಗೆ ಸಿಕ್ಕಿದ್ದು ಆ ಹದ್ದುಗಳೇ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ಮರಿಗಳ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಏಳರ ಮೇಲೆ ಒಂದು ಗೆರೆ ಕಂಡಿತು. ಕಾಲಿನ ಬುಡದಿಂದ ಹೊರಟು ಓರೆಯಾಗಿ ಸೊಂಟದವರೆಗೆ, ಪೆನ್ಸಿಲಿನಲ್ಲಿ ಎಳೆದಷ್ಟು ಸಣ್ಣದು. ಮೊದಲು ನೆನಪಾದದ್ದು ನಿಮ್ಮ ಮಾತೇ. ಹಳೇ ಡಬ್ಬಿ, ಲೆನ್ಸಿನೊಳಗೆ ಕೂದಲು ಬಿದ್ದಿರಬೇಕು ಅಂದುಕೊಂಡೆ. ಮೈಕ್ರೋಸ್ಕೋಪಿನ ಮುಂದೆ ಮೊದಲ ದಿನ ಕೂರಿಸಿದಾಗ ಲ್ಯಾಬಿನ ದೊಡ್ಡಕ್ಕ ಹೇಳಿಕೊಟ್ಟದ್ದು ಇವತ್ತಿಗೂ ಕಿವಿಯಲ್ಲಿದೆ. ‘ಚುಕ್ಕೆ ಕಂಡ್ ತಕ್ಷಣ ರೋಗ ಅನ್ಬೇಡ. ಸ್ಲೈಡ್ ಸರಿಸು. ಚುಕ್ಕೆ ಜೊತೇಲಿ ಬಂದ್ರೆ ರೋಗೀದು, ನಿಂತಲ್ಲೇ ನಿಂತ್ರೆ ಗಾಜಿಂದು.’ ಸೋಮವಾರ ಬೆಳಿಗ್ಗೆ ಅದನ್ನೇ ಮಾಡಿದೆ. ಏಳನ್ನು ಚೌಕಟ್ಟಿನ ಎಡಕ್ಕೆ ತಂದೆ, ಬಲಕ್ಕೆ ತಂದೆ, ಮೇಲೆ, ಕೆಳಗೆ. ಕ್ಯಾಮೆರಾವನ್ನು ತಲೆಕೆಳಗು ಹಿಡಿದೂ ತೆಗೆದೆ, ಎದುರು ಮನೆಯಾಕೆ ನೋಡಿ ಏನಂದುಕೊಂಡಳೋ. ಗೆರೆ ಏಳನ್ನು ಬಿಟ್ಟು ಕದಲಲಿಲ್ಲ. ಹಾಗಾದರೆ ಗಾಜಿನದಲ್ಲ. ಯಾವುದೋ ವೈರಿನ ನೆರಳಿರಬಹುದು ಅಂತ ಮಂಗಳವಾರ ಬೆಳಿಗ್ಗೆ ಒಂದು, ನೆತ್ತಿಯ ಬಿಸಿಲಿನಲ್ಲಿ ಒಂದು, ಸಂಜೆ ಒಂದು ತೆಗೆದೆ. ನೆರಳುಗಳೆಲ್ಲ ತಿರುಗಿದವು, ಗೆರೆ ತಿರುಗಲಿಲ್ಲ.

ಬುಧವಾರ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಚಿಮಟದಣ್ಣನ ಹತ್ತಿರ ಹೋದೆ. ಅವನು ಕ್ಯಾಮೆರಾ ಬಿಚ್ಚಿ, ಬೆಳಕು ಬಿಟ್ಟು, ಒಳಗೆ ಕಣ್ಣಿಟ್ಟು ನೋಡಿ, ಕೊನೆಗೆ ಚಿಮಟ ಕೆಳಗಿಟ್ಟ. ಅವನು ಚಿಮಟ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ಕತ್ತಲಾದ್ರೆ ಇದು ಇಲ್ಲದ್ದನ್ನ ತೋರಿಸತ್ತೆ ಅಕ್ಕ, ನಾನೇ ಹೇಳ್ತೀನಿ. ಆದ್ರೆ ಇಲ್ಲದ್ದು ದಿನಾ ಒಂದೇ ಜಾಗದಲ್ಲಿ ಬರಲ್ಲ. ಇದು ಅಲ್ಲಿರೋದೇ’ ಅಂದ. ಮನೆಗೆ ಬಂದು ಹಿಂದಿನ ಫೋಟೋಗಳನ್ನೆಲ್ಲ ಒಂದೊಂದಾಗಿ ತೆರೆದೆ. ಆರು ತಿಂಗಳ ಹಿಂದೆ ಗೆರೆಯೇ ಇಲ್ಲ. ಗೂಡು ಕಟ್ಟುವಾಗ ಏಳರ ಪಾದದ ಹತ್ತಿರ ಕೂದಲಿನಂಥದ್ದು. ಮೊಟ್ಟೆಯ ಕಾಲಕ್ಕೆ ಮಂಡಿ. ಮರಿ ಎದ್ದಾಗ ಸೊಂಟ. ಬುಧವಾರ ತೆಗೆದದ್ದರಲ್ಲಿ ಏಳರ ತಲೆಯ ಅಡ್ಡಗೆರೆಗೆ ಒಂದು ಗೇಣು ಉಳಿದಿತ್ತು. ಆ ಟ್ಯಾಂಕಿನ ಬುಡಕ್ಕೆ ಅಂಟಿಕೊಂಡೇ ಶಿಶುವಿಹಾರ ಇದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಲವತ್ತು ಮಕ್ಕಳು, ಅವರಿಗೆ ಹಾಡು ಹೇಳಿಕೊಡುವ ನಿಮ್ಮ ತಂಗಿ. ಮಧ್ಯಂತರ ರಜೆ ಅಂತ ಈ ವಾರ ಶಾಲೆ ಮುಚ್ಚಿದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ.

ಗುರುವಾರ ನಿಮ್ಮ ನೀರಿನ ಕಚೇರಿಗೆ ಹೋದೆ, ನಿಮ್ಮ ಹಿರಿಯ ಇಂಜಿನಿಯರ ಹತ್ತಿರವೇ. ಕುರ್ಚಿ ಕೊಟ್ಟರು, ಟೀ ಕೊಟ್ಟರು, ನಿಮ್ಮ ಆರೋಗ್ಯ ಕೇಳಿದರು. ನಾನು ಪ್ರಿಂಟು ಹಾಕಿಸಿದ ಹತ್ತು ಫೋಟೋಗಳನ್ನು ಮೇಜಿನ ಮೇಲೆ ಹರಡಿದೆ. ಅವರು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿ, ‘ಯಾವ ಕ್ಯಾಮೆರಾಮ್ಮ ಇದು?’ ಅಂದರು. ಹೇಳಿದೆ. ‘ಅದೇ ನೋಡಿ, ಹಳೇ ಕ್ಯಾಮೆರಾದ ಗೆರೆ ಇದು’ ಅಂದರು. ಸ್ಲೈಡ್ ಸರಿಸಿದ್ದನ್ನು ವಿವರಿಸಿದೆ. ಫೋಟೋದ ತಾರೀಕು ಕೇಳಿದರು. ಕ್ಯಾಮೆರಾದ ಕಾರ್ಡನ್ನು ಅವರ ಕಂಪ್ಯೂಟರಿಗೆ ಹಾಕಿ ಈ ಹತ್ತು ಫೋಟೋಗಳನ್ನು ತೆರೆದರೆ ಎಲ್ಲದರಲ್ಲೂ ಹನ್ನೆರಡು ವರ್ಷದ ಹಿಂದಿನ ಜನವರಿ ಒಂದು. ‘ಆಗ ಈ ಟ್ಯಾಂಕೇ ಕಟ್ಟಿರಲಿಲ್ಲವಲ್ಲಮ್ಮ’ ಅಂತ ನಕ್ಕರು. ಕೆಟ್ಟ ಮನುಷ್ಯರಲ್ಲ, ನನಗೂ ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು. ನಾನು ಕ್ಯಾಲೆಂಡರಿನ ಫೋಟೋಗಳ ವಿಷಯ ಹೇಳಿದೆ. ಆಗ ನಗು ನಿಂತಿತು. ಹಾಗಿದ್ದರೆ ಪೂರ್ತಿ ಕಾರ್ಡು ಬಿಟ್ಟುಹೋಗಿ, ಪ್ರತಿ ಫೋಟೋಗೆ ಕ್ಯಾಮೆರಾ ಕೊಡುವ ನಂಬರು ಒಂದೂ ತಪ್ಪದ ಹಾಗೆ ಸಾಲಾಗಿ ಇರಲಿ, ನಡುವೆ ಒಂದು ಅಳಿಸಿದ್ದರೂ ನಾನು ಒಪ್ಪುವುದಿಲ್ಲ, ಸಾಲು ಸರಿಯಿದ್ದರೆ ಅದೇ ದಿನ ಟ್ಯಾಂಕು ಖಾಲಿ ಮಾಡಿಸಿ ಶಾಲೆ ಮುಚ್ಚಿಸುತ್ತೇನೆ ಅಂದರು. ಮನೆಯಲ್ಲಿ ಸಾಲಾಗಿ ಜೋಡಿಸಿಕೊಂಡು ಸೋಮವಾರ ತರುತ್ತೇನೆ ಅಂತ ಕಾರ್ಡು ವಾಪಸ್ ತೆಗೆದುಕೊಂಡೆ. ಎದ್ದು ಬರುವಾಗ ಬಾಗಿಲವರೆಗೂ ಬಂದು ಮೆಲ್ಲಗೆ ಒಂದು ಮಾತು ಸೇರಿಸಿದರು. ‘ನಿಮ್ಮ ಯಜಮಾನರೇ ಎರಡು ತಿಂಗಳ ಹಿಂದೆ ಹತ್ತಿ, ಮುಟ್ಟಿ ನೋಡಿ, ಬಿರುಕಿಲ್ಲ ಅಂತ ಸಹಿ ಹಾಕಿದಾರಲ್ಲಮ್ಮ. ಅವರ ಸಹಿ ನಂಬಲೋ, ನಿಮ್ಮ ಕ್ಯಾಮೆರಾ ನಂಬಲೋ?’

ನಾನು ತಲೆಯೆತ್ತಿಕೊಂಡೇ ಬಂದೆ. ನೀವು ನೋಡಿದಾಗ ಗೆರೆ ಇನ್ನೂ ಸಣ್ಣದಿತ್ತು, ಮೇಲೆ ಬಣ್ಣವಿತ್ತು, ಯಾರ ಕಣ್ಣಾದರೂ ತಪ್ಪಬಹುದು ಅಂತ ದಾರಿಯುದ್ದಕ್ಕೂ ನಿಮ್ಮ ಪರವಾಗಿ ಮನಸ್ಸಿನಲ್ಲೇ ವಾದ ಮಾಡಿದೆ. ಬಂದವಳೇ ಕಾರ್ಡು ತೆರೆದು ಮೊದಲ ನಂಬರಿನಿಂದ ಸಾಲು ನೋಡುತ್ತಾ ಕೂತೆ. ಸಂಜೆ ಬಿಸಿಲು ಇನ್ನೂ ಅಡುಗೆಮನೆಯ ಕಿಟಕಿಯಲ್ಲಿತ್ತು. ಎರಡು ತಿಂಗಳ ಹಿಂದಿನ ಮೂರನೇ ತಾರೀಕು, ಗುರುವಾರ, ಗಡಿಯಾರ ಹತ್ತು ಗಂಟೆ ಐದು ನಿಮಿಷ ತೋರಿಸುವ ಕ್ಯಾಲೆಂಡರಿನ ಫೋಟೋ ಬಂತು. ನೀವು ಟ್ಯಾಂಕು ಹತ್ತಿದ ದಿನ, ಹತ್ತಿದ ಹೊತ್ತು. ನನಗೆ ಅವತ್ತು ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಮನೆಯಲ್ಲಿದ್ದೆ. ಮುಂದಿನ ಮುಕ್ಕಾಲು ಗಂಟೆಯಲ್ಲಿ ಹತ್ತೊಂಬತ್ತು ಫೋಟೋ. ಹದಿನಾರರಲ್ಲಿ ಬರೀ ಹದ್ದು, ಮೊಟ್ಟೆಯ ಮೇಲೆ ಕಣ್ಣು ಅರೆಮುಚ್ಚಿ ಕೂತಿದೆ. ಹೋದ ವರ್ಷ ಬಣ್ಣ ಬಳಿಯಲು ಹತ್ತಿದವನ ಟೋಪಿ ಕಿತ್ತು ರಸ್ತೆಗೆ ಎಸೆದ ಹದ್ದು ಅದು. ಅವತ್ತು ಅದರ ಪಾಲಿಗೆ ಅಲ್ಲಿ ಯಾರೂ ಬಂದಿರಲಿಲ್ಲ.

ಉಳಿದ ಮೂರು ಫೋಟೋ ಮೋಡದ ಆಸೆಗೆ ಲೆನ್ಸು ಪೂರ್ತಿ ಹಿಂದೆಳೆದು, ಟ್ಯಾಂಕನ್ನು ಬುಡದಿಂದ ತಲೆಯವರೆಗೆ ತೆಗೆದವು. ಮೊದಲನೆಯದರ ಕೆಳಗಿನ ಮೂಲೆಯಲ್ಲಿ, ಶಿಶುವಿಹಾರದ ಕಾಂಪೌಂಡಿನ ಮೇಲೆ ಒಂದು ಬಿಳಿ ಚುಕ್ಕೆ. ದೊಡ್ಡದು ಮಾಡಿದೆ. ನಿಮ್ಮ ಹೆಲ್ಮೆಟ್ಟು. ಸೀಳಿದ್ದಕ್ಕೆ ನಾನೇ ನೀಲಿ ಟೇಪು ಅಂಟಿಸಿದ್ದೆನಲ್ಲ, ಆ ಟೇಪೂ ಕಂಡಿತು. ಎರಡೂ ಕೈ ಮಂಡಿಯ ಮೇಲಿಟ್ಟು ತಲೆ ತಗ್ಗಿಸಿ ಕೂತಿದ್ದೀರಿ. ಎರಡನೆಯದರಲ್ಲಿ ಏಣಿಯ ಹತ್ತಿರ, ಒಂದು ಕಾಲು ಮೊದಲ ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ, ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದೀರಿ. ಮೂರನೆಯದರಲ್ಲಿ ಮತ್ತೆ ಕಾಂಪೌಂಡಿನ ಮೇಲೆ. ಅವತ್ತು ನೀವು ಮನೆಗೆ ಬಂದಾಗ ಪ್ಯಾಂಟಿನ ಮೇಲೆ ತುಕ್ಕಿನ ಒಂದು ಕಲೆಯೂ ಇರಲಿಲ್ಲ. ಉಜ್ಜುವ ಕೆಲಸ ತಪ್ಪಿತು ಅಂತ ನಾನು ಖುಷಿಪಟ್ಟಿದ್ದೆ. ಎಂಥ ದಡ್ಡಿ ನಾನು.

ರೀ, ನನಗೆ ಕೋಪ ಬಂತು. ಸುಳ್ಳು ಹೇಳುವುದಿಲ್ಲ, ನಿಮ್ಮ ಶರಟು ನೇತುಹಾಕಿದ ಗೂಟವನ್ನು ನೋಡಿದರೂ ಮೈ ಉರಿಯುತ್ತಿತ್ತು. ನಿಮ್ಮ ಸ್ವಂತ ತಂಗಿ ಆ ಟ್ಯಾಂಕಿನ ಕೆಳಗೆ ನಿಂತು ಹಾಡು ಹೇಳುತ್ತಾಳೆ. ಒಂದು ಸಾಲು, ‘ಹತ್ತಲಾಗಲಿಲ್ಲ, ಬೇರೆಯವರನ್ನು ಕಳಿಸಿ’ ಅಂತ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅದರ ಬದಲು ಮುಟ್ಟಿ ನೋಡಿದೆ ಅಂತ ಬರೆದಿರಿ. ಆದರೆ ಎರಡನೆಯ ಫೋಟೋವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಆ ಒಂದು ಕಾಲು. ಮೂರು ವರ್ಷದ ಹಿಂದೆ ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಎರಡು ತಿಂಗಳು ಮಲಗಿದಿರಿ, ಭುಜ ಕೂಡಿಕೊಂಡಿತು, ವೈದ್ಯರು ಸರಿಹೋಯಿತು ಅಂದರು, ನಾವೂ ಸರಿಹೋಯಿತು ಅಂದುಕೊಂಡೆವು. ಆಮೇಲೆ ನೀವು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಗೋಡೆಗೆ ಬೆನ್ನು ಹಚ್ಚಿಯೇ ನಿಂತಿರಿ. ಹದ್ದು ತೋರಿಸುತ್ತೇನೆ ಬನ್ನಿ ಅಂದರೆ ‘ಒಳಗಿಂದಲೇ ಕಾಣತ್ತೆ ಬಿಡು’ ಅಂದಿರಿ. ರಕ್ತದ ಒಂದು ಹನಿಯಲ್ಲಿ ಏನೇನೋ ಕಂಡುಹಿಡಿಯುವವಳು ನಾನು, ನಾಲ್ಕು ಅಡಿ ದೂರದಲ್ಲಿ ನಿಂತ ಗಂಡನ ಭಯ ಕಾಣಲಿಲ್ಲ. ಎಲ್ಲ ಬಿಟ್ಟು ಬಯಲಿನಲ್ಲಿ ಪೈಪು ಹೂಳುವ ಕೆಲಸಕ್ಕೆ ನೀವೇ ಕೇಳಿಕೊಂಡು ಹೋದಾಗ, ನನ್ನಿಂದ ದೂರವಿರಲು ಹೋದಿರೇನೋ ಅಂತ ಒಂದು ವಾರ ಮಂಕಾಗಿದ್ದೆ. ಈಗ ತಿಳಿಯಿತು, ನೀವು ಎತ್ತರದಿಂದ ದೂರ ಹೋದದ್ದು.

ನಿನ್ನೆ ನಿಮ್ಮ ತಂಗಿಗೆ ಗೆರೆಯ ವಿಷಯ ಮಾತ್ರ ಹೇಳಿದೆ, ನಿಮ್ಮದಲ್ಲ. ಸೋಮವಾರ ಶಾಲೆ ತೆರೆಯಬೇಡಿ ಅಂದೆ. ಅವಳು ಮುಖ್ಯೋಪಾಧ್ಯಾಯಿನಿಯನ್ನು ಕೇಳಿದಳು. ಕಚೇರಿಯ ಕಾಗದವಿಲ್ಲದೆ ಮುಚ್ಚಲಾಗುವುದಿಲ್ಲ, ತಂದೆತಾಯಂದಿರೆಲ್ಲ ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಎಲ್ಲಿಡುತ್ತಾರೆ ಅಂದರಂತೆ. ಆಮೇಲೆ ನಿಮ್ಮ ತಂಗಿ ನನಗೇ ಸಮಾಧಾನ ಹೇಳಿದಳು. ‘ನೀವ್ ಸುಮ್ನೆ ತಲೆ ಕೆಡಿಸ್ಕೊಂಡಿದೀರ ಅತ್ತಿಗೆ. ನಮ್ಮಣ್ಣ ಹತ್ತಿ ನೋಡಿದ್ಮೇಲೆ ನಂಗೇನ್ ಭಯ?’ ಫೋನು ಇಟ್ಟ ಮೇಲೂ ಆ ಮಾತು ಕಿವಿಯಿಂದ ಹೋಗಿಲ್ಲ.

ಈಗ ನನ್ನ ಕೈ ಹೇಗೆ ಕಟ್ಟಿಹೋಗಿದೆ ನೋಡಿ. ಗೆರೆ ನಿಜ ಅಂತ ತೋರಿಸಲು ಪೂರ್ತಿ ಕಾರ್ಡು ಕೊಡಬೇಕು. ಪೂರ್ತಿ ಕಾರ್ಡು ಕೊಟ್ಟರೆ ಆ ಮೂರು ಫೋಟೋಗಳೂ ಹೋಗುತ್ತವೆ, ನಿಮ್ಮ ಕೆಲಸವೂ ಹೋಗುತ್ತದೆ, ಬಹುಶಃ ಅದಕ್ಕಿಂತ ಹೆಚ್ಚಿನದೂ. ಆ ಮೂರನ್ನು ಅಳಿಸಿದರೆ ಸಾಲು ಮುರಿಯುತ್ತದೆ, ಅವರು ನಂಬುವುದಿಲ್ಲ. ನಿನ್ನೆ ಲ್ಯಾಬಿನಲ್ಲಿ ಒಂದೇ ಸ್ಲೈಡನ್ನು ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಬಂತು. ಒಂದು ಸಲ ಬೆರಳು ಅಳಿಸುವ ಗುಂಡಿಯ ಮೇಲೆ ಹೋದದ್ದೂ ನಿಜ. ಒತ್ತಲಿಲ್ಲ, ಆದರೆ ಹೋಯಿತು. ಅದನ್ನು ನಿಮಗೆ ಹೇಳದೆ ಇರಲಾರೆ.

ಆದ್ದರಿಂದ ಒಂದೇ ದಾರಿ ಉಳಿದಿದೆ, ಅದು ನಿಮ್ಮ ಕೈಯಲ್ಲಿದೆ. ಇದನ್ನು ಓದಿದ ಕೂಡಲೇ ಮ್ಯಾನೇಜರನ್ನು ಹೊರಗೆ ಕಳಿಸಿ, ಹಿರಿಯ ಇಂಜಿನಿಯರ ಮನೆಗೆ ಫೋನ್ ಮಾಡಿ. ‘ಏಳನೇ ಟ್ಯಾಂಕನ್ನು ನಾನು ಹತ್ತಿ ನೋಡಿಲ್ಲ’ ಅಂತ ನಿಮ್ಮ ಬಾಯಲ್ಲೇ ಹೇಳಿ. ಅಷ್ಟು ಹೇಳಿದರೆ ಯಾರ ಕಾರ್ಡೂ ಬೇಕಾಗುವುದಿಲ್ಲ, ಭಾನುವಾರವೇ ಅವರು ಟ್ಯಾಂಕಿನ ನೀರು ಬಿಡಿಸುತ್ತಾರೆ. ತಾನಾಗಿ ಹೇಳಿದವನಿಗೂ ಸಿಕ್ಕಿಬಿದ್ದವನಿಗೂ ವ್ಯತ್ಯಾಸ ಇದೆ, ಕಚೇರಿಗೂ ಇದೆ, ನನಗೂ ಇದೆ. ಭಯವಾಗುತ್ತದೆ ಅನ್ನುವುದನ್ನೂ ಹೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಸೋಮವಾರ ಬೆಳಿಗ್ಗೆ ಎಂಟರವರೆಗೆ ಆ ಮೂರು ಫೋಟೋ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟುಕೊಳ್ಳುತ್ತೇನೆ, ಮಾತು ಕೊಡುತ್ತೇನೆ. ಎಂಟರವರೆಗೆ ನಿಮ್ಮ ಫೋನು ಬರದಿದ್ದರೆ ಕಾರ್ಡು ಹಿಡಿದು ನಾನೇ ಹೋಗುತ್ತೇನೆ.

ನಿಮ್ಮ ಪ್ರಶ್ನೆಗೆ ಉತ್ತರ ಬಾಕಿ ಇದೆಯಲ್ಲ. ಹವ್ಯಾಸಕ್ಕೆ ಫೋಟೋ ತೆಗೆಯುವವಳಿಗೆ ಈ ಹಳೆಯ, ಅಗ್ಗದ ಕ್ಯಾಮೆರಾ ಸಾಕೇ ಅಂದರೆ, ಸಾಕು. ಬೆಳಕಿರುವಾಗ ಸಾಕು. ನಿಮ್ಮದರ ಮೇಲೆ ಕಣ್ಣು ಬಿದ್ದಿಲ್ಲ. ನಾನು ಕೇಳಿದ್ದು ಒಂದು ಹದ್ದು, ಅದು ಹದ್ದಿನ ಜೊತೆ ಕೇಳದೇ ಇದ್ದದ್ದನ್ನೂ ಕೊಟ್ಟಿತು. ನೀವು ಹೇಳಿದ ಹಾಗೆ ತಿಂಗಳೊಳಗೆ ಬೇಜಾರಾಗಿ ಅಟ್ಟಕ್ಕೆ ಹಾಕಿಬಿಟ್ಟಿದ್ದರೆ ಇವತ್ತು ನಾನು ಬಿಸಿ ಟೀ ಕುಡಿಯುತ್ತಾ ಕೂತಿರುತ್ತಿದ್ದೆ, ನಿಮ್ಮ ತಂಗಿ ಸೋಮವಾರ ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದಳು.

ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಟೆಂಟಿನ ಗೆಳೆಯರಿಗೆಲ್ಲ ನನ್ನ ನೆನಪು ತಿಳಿಸಿ. ನನ್ನ ಮೇಲೆ ಕೋಪ ಬಂದರೆ ಬರಲಿ, ಫೋನು ಮಾತ್ರ ಮೊದಲು ಅವರಿಗೆ, ಆಮೇಲೆ ನನಗೆ. ನೀವು ಎಲ್ಲಿದ್ದರೂ ನೆಲದ ಮೇಲೆ ಗಟ್ಟಿಯಾಗಿ ನಿಂತಿರಿ ಅನ್ನುವುದೇ ನನ್ನ ಹಾರೈಕೆ.

ನಿಮ್ಮ
ಭೂತಗನ್ನಡಿ

ತಾ.ಕ.: ಹತ್ತೂ ನಲವತ್ತು. ಡ್ರೈವರು ಬೇಗನೇ ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಗೆರೆ ಎಲ್ಲಿಗೆ ಬಂದಿದೆ ಅಂತ ಕೊನೆಯ ಸಾಲಿನಲ್ಲಿ ಬರೆಯೋಣ ಅಂತ ಈಗ ಕ್ಯಾಮೆರಾ ಎತ್ತಿ ನೋಡಿದೆ. ಗೂಡು ವಾಲಿದೆ. ಬೆಳಿಗ್ಗೆ ನೆಟ್ಟಗಿತ್ತು. ಎರಡೂ ಹದ್ದು ಕೂರದೆ ಸುತ್ತುತ್ತಿವೆ. ಗೆರೆ ಏಳರ ತಲೆ ದಾಟಿ ಹೋಗಿದೆ, ಒದ್ದೆಯಾಗಿ ಹೊಳೆಯುತ್ತಿದೆ. ಟ್ಯಾಂಕಿನ ಕೆಳಗೆ ಶಾಲೆಯ ಅಂಗಳದಲ್ಲಿ ನಿಮ್ಮ ತಂಗಿ ಮತ್ತು ಇಬ್ಬರು ಆಯಾಗಳು ಸೋಮವಾರಕ್ಕೆ ಅಂತ ಮಕ್ಕಳ ಚಾಪೆ ಬಿಸಿಲಿಗೆ ಹಾಕುತ್ತಿದ್ದಾರೆ. ಫೋನು ಎತ್ತುತ್ತಿಲ್ಲ, ಒಳಗಿಟ್ಟಿರಬೇಕು. ಓಡುತ್ತಿದ್ದೇನೆ. ಅವರನ್ನು ಅಲ್ಲಿಂದ ಎಬ್ಬಿಸಿ ನೇರ ಕಚೇರಿಗೆ ಹೋಗುತ್ತೇನೆ, ಹಿರಿಯ ಇಂಜಿನಿಯರು ಶನಿವಾರ ಮಧ್ಯಾಹ್ನ ಒಂದರವರೆಗೆ ಇರುತ್ತಾರೆ. ಸೋಮವಾರದವರೆಗೆ ಅಂತ ಮೇಲೆ ಕೊಟ್ಟ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಕಾರ್ಡು ಪೂರ್ತಿ ಒಯ್ಯುತ್ತಿದ್ದೇನೆ, ನೀವಿರುವ ಮೂರೂ ಅದರಲ್ಲೇ ಇವೆ. ನೀವು ಇದನ್ನು ಓದುವ ಹೊತ್ತಿಗೆ ಅವರು ನೋಡಿ ಆಗಿರುತ್ತದೆ. ನಾಳೆ ಬೆಳಿಗ್ಗೆ ಈ ಗಾಡಿ ಖಾಲಿ ವಾಪಸ್ ಬರುತ್ತದೆ, ಮುಂದಿನ ಸೀಟು ನಿಮಗಿರಲಿ ಅಂತ ಡ್ರೈವರಿಗೆ ಹೇಳುತ್ತೇನೆ. ಬಂದುಬಿಡಿ. ನಾನು ಗೇಟಿನಲ್ಲಿ ನಿಂತಿರುತ್ತೇನೆ. ಕಚೇರಿಯ ಮೆಟ್ಟಿಲನ್ನು ನೀವೊಬ್ಬರೇ ಹತ್ತುವುದು ಬೇಡ.